ಭಂಡಾರ ಹಚ್ಚಿಕೊಂಡ ಮೇಲೆ

ಪಿಎಚ್‌ಡಿ ಮಾಡುವುದು ಕಷ್ಟ ಅಂತ ಎಲ್ಲರೂ ಹೇಳಿದ್ದರು. ಬಿಡುವುದೂ ಅಷ್ಟೇ ಕಷ್ಟ ಅಂತ ಬೀರವ್ವನಿಗೆ ಒಬ್ಬರೂ ಹೇಳಿರಲಿಲ್ಲ. ಬಿಟ್ಟು ಹೋಗುವವಳಿಗೂ ಒಂದು ಸಂದರ್ಶನವಂತೆ! ಏಕೆ ಬಿಡುತ್ತೀ ಎಂದು ಕೇಳುತ್ತಾರಂತೆ. ಸೊಲ್ಲಾಪುರದ ಹಾಸ್ಟೆಲಿನ ಗೆಳತಿ ಪ್ರಣಿತಾ ಉತ್ತರ ಬಾಯಿಪಾಠ ಮಾಡಿಸಿದ್ದಳು: “ಮನ್ಯಾಗ ಅಡಚಣಿ ಅದ ಅನ್ನು. ಸುಮ್ಮ ಸಹಿ ತಗೊಂಡು ಬಾ.” ಸಹಿ ಹಾಕಬೇಕಾದವರು ಗೈಡ್ ಕಲ್ಯಾಣಪ್ಪ ಸರ್. ಅದಿಲ್ಲದೆ ವಿಜಯಪುರದಲ್ಲಿ ಬೇರೆ ಗೈಡ್ ಕೈಕೆಳಗೆ ಓದು ಮುಂದುವರಿಸುವಂತಿಲ್ಲ. ಆ ಸಹಿಗಾಗಿ ಎಂಥ ಸುಳ್ಳಿಗೂ ಅವಳು ತಯಾರಾಗಿದ್ದಳು. ಜಗಳಾಡುವ ಕಸುವು ಎಂದೋ ಬತ್ತಿಹೋಗಿತ್ತು.

ಆದರೆ ಸಂದರ್ಶನದ ದಿನ ಹನ್ನೂರಿನಿಂದ ಅಪ್ಪ ಅಮೋಗಸಿದ್ಧ ಮೊದಲ ಬಸ್ಸಿಗೇ ಬಂದಿಳಿದ. ಕುರಿ ಕಾಯುವವನು ಒಬ್ಬ ಧಣಿಯನ್ನು ಬಿಟ್ಟು ಇನ್ನೊಬ್ಬನ ಬಳಿ ಹೋಗುವಾಗ ಮನೆಯ ಹಿರಿಯರು ಜೊತೆಗಿರಬೇಕು, ಇಬ್ಬರ ಹಣೆಗೂ ಬೀರೋಬ ದೇವರ ಭಂಡಾರದ ಅರಿಸಿನ ಹಚ್ಚಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಡಿಸಿ, ಬಿಡಿಸಿಕೊಂಡು ಬರಬೇಕು. ಅದು ಅವರ ಮನೆತನದ ರೂಢಿ. ಇದೂ ಅಂಥದ್ದೇ ಎಂದುಕೊಂಡಿದ್ದ.

“ಅಪ್ಪಾ, ಇದು ಆಫೀಸಿನ ಕೆಲಸ. ನೀ ಹೊರಗ ಕೂಡು,” ಎಂದಳು. ಅವನು ಕೇಳಿದರೆ ತಾನೆ!

ವಿಭಾಗದ ಮುಖ್ಯಸ್ಥೆ ನೀಲಗಂಗಾ ಮೇಡಂ ಮರಾಠಿಯಲ್ಲಿ ಶುರು ಮಾಡಿದವರು ಅಪ್ಪನ ರುಮಾಲು ನೋಡಿ ಕನ್ನಡಕ್ಕೆ ಹೊರಳಿದರು. ಪಕ್ಕದಲ್ಲೇ ಕಲ್ಯಾಣಪ್ಪ ಸರ್. ಯಾರ ಮೇಲೆ ದೂರೋ ಅವರನ್ನೇ ಎದುರಿಗೆ ಕೂಡಿಸಿಕೊಂಡು ಕೇಳುವ ಪದ್ಧತಿ ಯಾರು ಕಂಡುಹಿಡಿದರೋ, ಪುಣ್ಯಾತ್ಮರು!

“ತಪ್ಪು ತಿಳಕೋಬ್ಯಾಡ್ರಿ, ಸಾಹೇಬ್ರ. ನಮ್ಮಲ್ಲಿ ಹಿಂಗೇ ಬಿಡಸ್ಕೊಳ್ಳೂದು,” ಎಂದ ಅಮೋಗಸಿದ್ಧ, ಮಗಳನ್ನೂ ಸೇರಿಸಿ ಮೂವರ ಹಣೆಗೂ ಭಂಡಾರ ಹಚ್ಚಿದ. ಮೇಡಂ ತಲೆಬಾಗಿ ಹಚ್ಚಿಸಿಕೊಂಡರು. ಸರ್ ನಕ್ಕರು. ಅಪ್ಪ ಕೈಮುಗಿದು ಬಾಗಿಲಲ್ಲಿ ನಿಂತ.

“ಯಾಕವ್ವ ಬಿಡಾಕತ್ತೀ?” ಎಂದು ಮೇಡಂ ಕೇಳಿದರು.

“ಮನ್ಯಾಗ...” ಎಂದಳು ಬೀರವ್ವ. ಹಣೆ ಮೇಲೆ ದೇವರು, ಬಾಗಿಲಲ್ಲಿ ಅಪ್ಪ. ಯಾವ ಮಗಳಿಗೆ ಸುಳ್ಳು ಬಂದೀತು?

“ಮನ್ಯಾಗ ಏನೂ ಅಡಚಣಿ ಇಲ್ರಿ, ಮೇಡಂ. ನನ್ನ ಥೀಸಿಸಿನ ಒಂದ್ ಅಧ್ಯಾಯನೂ ಸರ್ ಓದಿಲ್ರಿ. ಕುರಿ ಹಟ್ಟ್ಯಾಗ ಕುಂತು ನಾ ಕೂಡಿಸಿದ ಹಾಡು, ರೂಢಿ, ಎಲ್ಲಾ ಅವರ ಪುಸ್ತಕದಾಗ ಅವ. ನನ್ನ ಹೆಸರಿಲ್ಲ. ಕೇಳಿದ್ರ, ನಿನ್ನಂಥಾಕಿನ್ನ ತಗೊಂಡಿದ್ದೇ ಉಪಕಾರ ಅಂದ್ರು. ನನಗ ಸಾಕಾಗ್ಯಾದ್ರಿ.”

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುವುದು ಇದಕ್ಕೇ.

“ಖರೇ ಏನ್ರಿ, ಸರ್?” ಎಂದರು ಮೇಡಂ.

ಸರ್ ಕಿಸೆಯಿಂದ ಕರವಸ್ತ್ರ ತೆಗೆದರು. ಹಣೆ ಒರೆಸಿಕೊಂಡರು. ಬಟ್ಟೆಗೆ ಹತ್ತಿದ ಹಳದಿ ನೋಡಿ ಇನ್ನೊಮ್ಮೆ ತಿಕ್ಕಿ ಒರೆಸಿದರು. ಆಮೇಲೆ ಹೇಳಿದರು: “ಎಲ್ಲಾ ಸುಳ್ಳು. ನಾ ಸಹಿ ಹಾಕೂದಿಲ್ಲ.”

ಮೇಡಂ ತಲೆ ತಗ್ಗಿಸಿದರು. ಸಹಿ ಮಾತ್ರ ಗೈಡ್‌ದೇ ಬೇಕು, ತಮ್ಮ ಕೈಯಲ್ಲಿಲ್ಲ ಎಂದರು.

ಊರಿಗೆ ಮರಳುವ ಅಕ್ಕಲಕೋಟೆಯ ಬಸ್ಸಿನಲ್ಲಿ ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. “ನಾ ಬರಬಾರದಿತ್ತು. ನಿನ್ನ ಓದು ಕೆಡಿಸಿದ್ನೇನವ್ವ?” ಎಂದ.

ಬೀರವ್ವನಿಗೆ ಅಳು ಬಂತು. ಅಳುವುದಕ್ಕೂ ಆಯಾಸ. ಅವನ ಹೆಗಲಿಗೆ ತಲೆ ಆನಿಸಿದಳು.

“ಅಷ್ಟ್ ದೊಡ್ಡ ಮನಶಾ, ಒರಸಿಕೊಂಡು ಸುಳ್ಳು ಹೇಳಿದ್ನಲ್ಲ! ಭಂಡಾರ ಅಂದ್ರ ಅಷ್ಟ್ ಅಂಜಿಕಿ ಅದ ಅವಗ?” ಎಂದ ಅಪ್ಪ.

“ಇರ್ತದಪ್ಪಾ. ಭಂಡಾರ ಹಚ್ಚಿಕೊಂಡು ಸುಳ್ಳಾಡಬಾರದು ಅಂತ ಅವರ ಪುಸ್ತಕಕ್ಕ ಬರದುಕೊಟ್ಟಾಕಿ ನಾನೇ.”