ಈ ವರ್ಷದ ರೆಕಾರ್ಡು

ಕ್ಲಿಫರ್ಡ್ ಆ ರೆಕಾರ್ಡನ್ನು ಮುಟ್ಟಲೂ ಇಲ್ಲ. ಗೇನರ್ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ತಾನೇ ನಡೆಸುವ ಕುಣಿತದ ಕ್ಲಬ್ಬಿನ ಬಾಗಿಲಲ್ಲಿ ಕುಳಿತು ಬಂದವರ ಮುಂಗೈಗೆ ಮುದ್ರೆ ಒತ್ತುತ್ತಿದ್ದವನು ಮುದ್ರೆ ಕೆಳಗಿಟ್ಟು ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ಯಾವ ವರ್ಷದ್ದು?"

"ಈ ವರ್ಷದ್ದೇ, ನಾನೇ ಹಾಡಿದ್ದು. ಹೋದ ತಿಂಗಳು ಅಚ್ಚಾಗಿ ಬಂತು. ಒಂದ್ಸಲ ಕೇಳಿ ನೋಡು ಕ್ಲಿಫ್."

"ಕೇಳೋದೇನು ಬಂತು? ಬಾಗಿಲ ಮೇಲೆ ಏನು ಬರ್ದಿದೆ ಓದು."

ಬಾಗಿಲ ಮೇಲೆ ಬರೆದದ್ದು ಗೇನರಿಗೆ ಬಾಯಿಪಾಠ. 'ಹಳೆಯ ಅಸಲಿ ರೆಕಾರ್ಡು ಮಾತ್ರ.' ಆ ಬೋರ್ಡಿಗೆ ಬಣ್ಣ ಬಳಿದ ದಿನ ಏಣಿ ಹಿಡಿದುಕೊಂಡಿದ್ದವಳೂ ಅವಳೇ.

"ಹಾಡ್ಬೇಡ ಅಂದ್ನಾ ನಾನು? ಮದುವೇಲಿ ಹಾಡು, ಚರ್ಚಲ್ಲಿ ಹಾಡು, ಬಚ್ಚಲಲ್ಲಿ ಹಾಡು. ಇಲ್ಲಿ ಮಾತ್ರ ಕುಣಿ. ಪೈ ಬಿಸಿಯಾಗಿದೆ, ಹೋಗಿ ತಿನ್ನು," ಎಂದು ಅವಳ ಮುಂಗೈಗೆ ಮುದ್ರೆ ಒತ್ತಿ ಕ್ಲಿಫರ್ಡ್ ಮುಂದಿನವರ ಕಡೆ ತಿರುಗಿದ.

ಗೇನರ್ ಬ್ರಿಗ್ಸ್‌ಗೆ ಅರವತ್ತೆರಡು. ನೆಲ್ಸನ್ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು. ಕ್ಲಿಫರ್ಡ್‌ನ ಮಗಳು ನಾಲ್ಕು ಬಾರಿ ಪರೀಕ್ಷೆಯಲ್ಲಿ ಫೇಲಾಗಿ ಐದನೆಯ ಬಾರಿ ಪಾಸಾದದ್ದು ಇವಳ ತಾಳ್ಮೆಯಿಂದಲೇ. ಅಷ್ಟು ತಾಳ್ಮೆಯವಳಿಗೂ ಆ ಹೊತ್ತು ಕಣ್ಣಲ್ಲಿ ನೀರು ಬಂತು. ಬಂದದ್ದನ್ನು ಒರೆಸಿಕೊಂಡು ಒಳಗೆ ಹೋದಳು.

ಹದಿನೈದನೇ ವಯಸ್ಸಿನಲ್ಲಿ ಗೆಳತಿ ವಿನ್ನಿಯ ಕೈ ಹಿಡಿದುಕೊಂಡು ಅವಳು ಮೊದಲ ಬಾರಿ ಈ ಕುಣಿತಕ್ಕೆ ಬಂದಿದ್ದಳು. ಇದರ ಹೆಸರು ನಾರ್ದರ್ನ್ ಸೋಲ್, ಅದೊಂದು ವಿಚಿತ್ರ ಭಕ್ತಿ. ಅರವತ್ತರ ದಶಕದಲ್ಲಿ ಅಮೆರಿಕದ ಕಪ್ಪು ಹಾಡುಗಾರರು ಎದೆ ಬಿರಿಯುವಂತೆ ಹಾಡಿ, ಅಲ್ಲಿ ಯಾರೂ ಕೊಳ್ಳದೆ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ರೆಕಾರ್ಡುಗಳನ್ನು ಇಂಗ್ಲೆಂಡಿನ ಉತ್ತರದ ಗಿರಣಿ ಊರುಗಳ ಹುಡುಗರು ಹುಡುಕಿ ತಂದರು. ವಾರವಿಡೀ ಮಗ್ಗದ ಸದ್ದಿನಲ್ಲಿ ಕಿವುಡಾದವರು ವಾರದ ಕೊನೆಗೆ ಆ ಹಾಡುಗಳಿಗೆ ಕುಣಿದರು. ಈಗ ಗಿರಣಿಗಳು ಮುಚ್ಚಿವೆ, ಹುಡುಗರು ಅಜ್ಜಂದಿರಾಗಿದ್ದಾರೆ, ಕುಣಿತ ಭಾನುವಾರ ಮಧ್ಯಾಹ್ನಕ್ಕೆ ಬಂದು ನಿಂತಿದೆ. ಹಲಗೆಯ ನೆಲಕ್ಕೆ ಪೌಡರು ಚೆಲ್ಲಿ ಜಾರುತ್ತ, ಸುತ್ತುತ್ತ ಕುಣಿಯುವುದು ಮಾತ್ರ ನಿಂತಿಲ್ಲ. ಮಂಡಿ ನೋವಿನವರು ಮಾತ್ರೆ ನುಂಗಿ ಬರುತ್ತಾರೆ.

ಕಳೆದ ಚಳಿಗಾಲದಲ್ಲಿ ಗೇನರ್ ಒಂದು ಹಾಡು ಕಟ್ಟಿದಳು. ಟೈರು ಅಂಗಡಿಯ ಮೇಲಿನ ಕೋಣೆಯಲ್ಲಿ, ಊರಿನ ಕಹಳೆ ಬ್ಯಾಂಡಿನವರನ್ನು ಕಾಡಿ ಬೇಡಿ ಕರೆತಂದು, ಅಂಚೆ ಹಂಚುವವನೊಬ್ಬನನ್ನು ಡ್ರಮ್ಮಿಗೆ ಕೂರಿಸಿ ಹಾಡಿದಳು. ಕೇಳಿದ ನೆಂಟರೆಲ್ಲ ಚೆನ್ನಾಗಿದೆ ಎಂದರು. ನೆಂಟರು ಇನ್ನೇನು ಹೇಳಿಯಾರು? ಅವಳಿಗೆ ಬೇಕಿದ್ದದ್ದು ಈ ನೆಲ. ಬಾಳಿನ ಮುಕ್ಕಾಲು ಪಾಲು ತಾನು ಬೆವರು ಸುರಿಸಿದ ಈ ಹಲಗೆಗಳ ಮೇಲೆ ತನ್ನ ಹಾಡಿಗೆ ಜನ ಕುಣಿಯಬೇಕು. ಬೇರೆಲ್ಲಿ ಕುಣಿದರೂ ಅವಳ ಲೆಕ್ಕಕ್ಕೆ ಅದು ಕುಣಿತವೇ ಅಲ್ಲ.

ಪೈ ಮೇಲೆ ಬಟಾಣಿ ಸುರಿದುಕೊಂಡು ಮುಖ ಊದಿಸಿಕೊಂಡು ಕುಳಿತವಳ ಬಳಿಗೆ ನೆವಿಲ್ ಬಂದ. ಆ ದಿನ ರೆಕಾರ್ಡು ಹಾಕುವವರಲ್ಲಿ ಅವನೂ ಒಬ್ಬ. ಉದ್ದಕ್ಕೆ ಬೆಳೆದ, ಮಾತು ಕಡಿಮೆಯ ಮನುಷ್ಯ.

"ಕ್ಲಿಫ್ ಬೇಡ ಅಂದ್ನಾ?"

"ಮುಟ್ಟಲೂ ಇಲ್ಲ ಕಣೋ. ಅಂಟುರೋಗ ಬಂದೋರ ಥರ ನೋಡ್ದ."

"ಕೊಡಿಲ್ಲಿ. ಮೂರು ಗಂಟೆಗೆ ನನ್ನ ಸರದಿ, ನಾನು ಹಾಕ್ತೀನಿ."

"ಅವನು ನಿನ್ನನ್ನ ಹುರಿದು ಮುಕ್ಕಿಬಿಡ್ತಾನೆ."

"ಅದನ್ನ ನನಗ್ಬಿಡು. ನೀನು ಸುಮ್ನೆ ಕುಣಿ," ಎಂದು ನೆವಿಲ್ ರೆಕಾರ್ಡನ್ನು ಕೋಟಿನೊಳಗೆ ಸೇರಿಸಿದ.

ಅವನು ಏನು ಮಾಡಲಿದ್ದಾನೆ ಎಂದು ಗೇನರ್ ಕೇಳಬೇಕಿತ್ತು. ಖುಷಿಯಲ್ಲಿ ಕೇಳಲಿಲ್ಲ.

ಮೂರು ಗಂಟೆಗೆ ನೆವಿಲ್ ವೇದಿಕೆ ಹತ್ತಿದ. ಎರಡು ಹಳೆಯ ಹಾಡು ಹಾಕಿ ನೆಲ ತುಂಬಿಸಿಕೊಂಡು, ಮೂರನೆಯದಕ್ಕೆ ಮೈಕು ಎತ್ತಿಕೊಂಡ.

"ಮುಂದಿನದು ಮುಸುಕಿಂದು. ಡೆಟ್ರಾಯಿಟ್, ಅರವತ್ತಾರನೇ ಇಸವಿ. ಹಾಡಿದವಳು ವರ್ನೆಲ್ ಟೇಟ್. ಇದುವರೆಗೂ ಯಾರೂ ಕೇಳಿಲ್ಲ."

ಮುಸುಕು ಹಾಕುವುದು ಇವರಲ್ಲಿ ಹಳೆಯ ರೂಢಿ. ಅಪರೂಪದ ರೆಕಾರ್ಡು ಸಿಕ್ಕಿದವನು ಪ್ರತಿಸ್ಪರ್ಧಿಗಳಿಗೆ ಅದರ ಸುಳಿವು ಸಿಗಬಾರದೆಂದು ಹಾಡುಗಾರರ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳುತ್ತಾನೆ. ಸುಳ್ಳೆಂದು ಎಲ್ಲರಿಗೂ ಗೊತ್ತು, ಯಾರೂ ತಪ್ಪು ತಿಳಿಯುವುದಿಲ್ಲ. 'ಮುಸುಕು' ಎಂದರೆ ಸಾಕು, ಪೈ ತಿನ್ನುತ್ತಿದ್ದವರೂ ತಟ್ಟೆ ಬಿಟ್ಟು ಏಳುತ್ತಾರೆ. ಆ ದಿನವೂ ಎದ್ದರು.

ಕಹಳೆಗಳು ಮೊಳಗಿದವು. ಗೇನರ್ ಇದ್ದಲ್ಲೇ ನಿಂತಳು. ಅದು ಅವಳ ಊರಿನ ಕಹಳೆ, ಅಂಚೆಯವನ ಡ್ರಮ್ಮು. ನಂತರ ಬಂದದ್ದು ಅವಳದೇ ದನಿ.

"ಇದ್ಯಾರೇ ಇವಳು, ಗಂಟಲಲ್ಲಿ ಬೆಂಕಿ ಇಟ್ಕೊಂಡಿದಾಳೆ!" ಎಂದು ವಿನ್ನಿ ಅವಳ ಕೈ ಹಿಡಿದೆಳೆದಳು. ವಿನ್ನಿಗೇ ಗೊತ್ತಾಗಲಿಲ್ಲ. ಗೇನರ್ ಹಾಡು ಕಟ್ಟಿದ ಸುದ್ದಿಯೇ ಅವಳಿಗೆ ತಿಳಿದಿರಲಿಲ್ಲ. ಇಲ್ಲಿ ನುಡಿಸಿದ ಮೇಲೆಯೇ ಹೇಳಬೇಕೆಂದು ಗೇನರ್ ಬಾಯಿ ಬಿಗಿದುಕೊಂಡಿದ್ದಳು.

ನೆಲ ತುಂಬಿ ತುಳುಕಿತು. ಹಾಡಿನ ನಡುವೆ ಎರಡು ಕಡೆ ವಾದ್ಯಗಳೆಲ್ಲ ಥಟ್ಟನೆ ನಿಲ್ಲುತ್ತವೆ. ಅಂಥ ಕಡೆ ಕುಣಿಯುವವರೆಲ್ಲ ಒಟ್ಟಿಗೆ ಒಂದು ಚಪ್ಪಾಳೆ ಹೊಡೆಯುವುದು ಇಲ್ಲಿನ ವಾಡಿಕೆ. ಹೊಸ ಹಾಡಾದರೆ ಆ ಜಾಗ ಗೊತ್ತಾಗಲು ತಿಂಗಳುಗಟ್ಟಲೆ ಬೇಕು. ಈ ಹಾಡಿಗೆ ಮೊದಲ ಸಲವೇ ಅರ್ಧ ಜನ ಹೊಡೆದರು, ಎರಡನೇ ಸಲ ಅಷ್ಟೂ ಜನ ಹೊಡೆದರು. ಗೇನರಿಗೆ ಮೈ ಝುಮ್ಮೆಂದಿತು.

ಹಾಡು ಮುಗಿದಾಗ ಕ್ಲಿಫರ್ಡ್ ಬಾಗಿಲು ಬಿಟ್ಟು ಓಡಿ ಬಂದಿದ್ದ. ಎಪ್ಪತ್ತು ದಾಟಿದವನ ಮುಖ ಹುಡುಗನ ಮುಖದಂತೆ ಕೆಂಪಾಗಿತ್ತು.

"ಅರವತ್ತಾರೇ! ಆ ಡ್ರಮ್ಮು ಕೇಳಿದ್ರೇನೇ ಗೊತ್ತಾಗತ್ತೆ, ಡೆಟ್ರಾಯಿಟ್‌ದು, ನೆಲಮಾಳಿಗೇಲಿ ನುಡಿಸಿರೋದು. ಕೇಳಿದ್ಯಾ ಗೇನರ್? ದನಿ ಅಂದ್ರೆ ಇದು. ಪಾಪ, ಈ ಹುಡುಗಿ ಯಾರೋ, ಎಲ್ಲಿ ಸತ್ಲೋ. ಈಗಿನೋರು ತಲೆಕೆಳಗಾಗಿ ನಿಂತ್ರೂ ಹೀಗೆ ಹಾಡೋಕಾಗತ್ತಾ?"

ಗೇನರ್ ಬಾಯಿ ತೆರೆದಳು. ವೇದಿಕೆಯಿಂದ ನೆವಿಲ್ ಬಗ್ಗಿ ಅವಳ ಕಿವಿಯಲ್ಲಿ, "ಈಗೇನೂ ಹೇಳ್ಬೇಡ. ಒಂದು ವರ್ಷ ಹೀಗೇ ಕುಣೀಲಿ. ಆಮೇಲೆ ಹೇಳಿದ್ರೆ ಯಾರೂ ಬೇಡ ಅನ್ನೋಕಾಗಲ್ಲ," ಎಂದ.

ಲೆಕ್ಕ ಸರಿಯಾಗಿಯೇ ಇತ್ತು. ಹಾಡು ಗೆದ್ದಾಗಿತ್ತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಹೊಗಳಿಕೆಯೆಲ್ಲ ಹುಟ್ಟಿಯೇ ಇಲ್ಲದ ವರ್ನೆಲ್ ಟೇಟ್ ಪಾಲಾಗುತ್ತಿತ್ತು. ಇರದ ಹೆಂಗಸಿನ ಸಾವಿಗೆ ಕ್ಲಿಫರ್ಡ್ ಮರುಗುತ್ತಿದ್ದ, ಹಾಡಿದವಳು ಅವನ ಮೂಗಿನ ಮುಂದೆಯೇ ಬೆವರು ಒರೆಸಿಕೊಳ್ಳುತ್ತಿದ್ದಳು. ಗೇನರಿಗೆ ರೇಗಿತು. ಚೆನ್ನಾಗಿಯೇ ರೇಗಿತು. ವೇದಿಕೆ ಹತ್ತಿ ನೆವಿಲ್ ಕೈಯಿಂದ ಮೈಕು ಕಿತ್ತುಕೊಂಡಳು.

"ಅದು ನನ್ನ ದನಿ," ಎಂದಳು.

ಸಭೆ ಘೊಳ್ಳೆಂದು ನಕ್ಕಿತು. "ಏಯ್ ಗೇನರ್, ಎಷ್ಟನೇ ಗ್ಲಾಸು?" ಎಂದು ಹಿಂದಿನಿಂದ ಯಾರೋ ಕೂಗಿದರು. "ಇವತ್ತು ಕಾರು ನಾನು ಓಡಿಸ್ತೀನಿ ಬಿಡು!"

ಗೇನರ್ ರೆಕಾರ್ಡನ್ನು ಎತ್ತಿ, ಉಗುರಿನಿಂದ ಬಿಳಿ ಕಾಗದ ಕೆರೆದು, ಕ್ಲಿಫರ್ಡ್‌ನ ಮುಂದೆ ಹಿಡಿದಳು. ಈ ಸಲ ಅವನು ಮುಟ್ಟಲೇಬೇಕಾಯಿತು. ಕನ್ನಡಕ ಸರಿಮಾಡಿಕೊಂಡು ಓದಿದ. ಇನ್ನೊಮ್ಮೆ ಓದಿದ. ಅವನ ಮುಖದ ಕೆಂಪು ಇಳಿಯಿತು. ನಗುತ್ತಿದ್ದವರೆಲ್ಲ ಅವನ ಮುಖ ನೋಡಿ ಸುಮ್ಮನಾದರು.

"ಮೋಸ," ಎಂದ ಕ್ಲಿಫರ್ಡ್.

"ಮೋಸ ಹೌದು. ನಾನು ಮಾಡಿದ್ದಲ್ಲ, ನನಗೆ ಬೇಕಾಗೂ ಇರ್ಲಿಲ್ಲ. ಅದಕ್ಕೇ ಮುಸುಕು ತೆಗೀತಾ ಇದೀನಿ."

"ಇಲ್ಲಿಗೊಂದು ನಿಯಮ ಇದೆ ಗೇನರ್. ಆ ಜನ ಹಾಡಿದ್ರು, ಯಾರೂ ಕೇಳ್ಲಿಲ್ಲ, ಹೊಟ್ಟೆಗಿಲ್ದೆ ಹೋದ್ರು. ಅವರ ಹೆಸರು ಉಳಿಸೋಕೇ ಇದು ಇರೋದು. ಹೊಸದಕ್ಕೆ ಬಾಗಿಲು ತೆಗೆದ್ರೆ ಅವರಿಗೆ ಜಾಗ ಎಲ್ಲಿ?"

ಸುತ್ತಲಿನ ಬಿಳಿ ತಲೆಗಳು ಹೌದೆಂದು ಅಲ್ಲಾಡಿದವು. ಗೇನರಿಗೂ ಆ ಮಾತು ತಟ್ಟಿತು. ಆ ಹಾಡುಗಾರರ ಮೇಲಿನ ಪ್ರೀತಿ ಅವನಿಗಿಂತ ಅವಳಿಗೆ ಕಡಿಮೆಯೇನಲ್ಲ.

"ಅವರ ಹಾಡೂ ಒಂದಿನ ಹೊಸದಾಗೇ ಇತ್ತು ಕ್ಲಿಫ್. ಅವತ್ತು ಬಾಗಿಲಲ್ಲಿ ನಿನ್ನಂಥೋರು ಕೂತಿದ್ರು, ಬೇಡ ಅಂದ್ರು. ಅದಕ್ಕೇ ಅವರು ಗೋದಾಮಿಗೆ ಹೋದ್ರು. ನನ್ನನ್ನೂ ಸತ್ತ ಮೇಲೆ ಅಗೆದು ತೆಗೀತೀಯಾ? ಐವತ್ತು ವರ್ಷ ಆದ್ಮೇಲೆ ಯಾವನೋ ನನ್ನ ಮಂಚದ ಕೆಳಗಿಂದ ಇದನ್ನ ಎಳ್ಕೊಂಡು ಬಂದು, ಪಾಪ ಯಾರೋ ಎಂಥೋ ಅಂತ ಕಣ್ಣೀರಿಡ್ತಾನೆ. ನನಗೆ ಆ ಕಣ್ಣೀರು ಬೇಡ. ನಾನು ಇಲ್ಲೇ ಇದೀನಿ, ಉಸಿರಾಡ್ತಾ ಇದೀನಿ, ನನಗೆ ಈಗ ಕುಣಿಯೋರು ಬೇಕು."

ಅವಳು ನೆವಿಲ್ ಕಡೆ ತಿರುಗಿದಳು.

"ನೆವಿಲ್, ಇನ್ನೊಂದ್ಸಲ ಹಾಕು. ನನ್ನ ಹೆಸರು ಹೇಳಿ ಹಾಕು. ಒಬ್ರೂ ಕುಣೀದಿದ್ರೆ ತಗೊಂಡು ಮನೆಗೆ ಹೋಗ್ತೀನಿ. ಮತ್ತೆ ಯಾವತ್ತೂ ಈ ಮಾತೆತ್ತಲ್ಲ."

"ಒಂದೇ ರೆಕಾರ್ಡು ಒಂದೇ ದಿನ ಎರಡು ಸಲ ಹಾಕಲ್ಲ ಇಲ್ಲಿ," ಎಂದ ಕ್ಲಿಫರ್ಡ್.

"ಎರಡು ಸಲ ಎಲ್ಲಾಯ್ತಯ್ಯಾ?" ವಿನ್ನಿ ಕೆಳಗಿನಿಂದ ಗುಡುಗಿದಳು. "ಮೊದಲನೇದು ಡೆಟ್ರಾಯಿಟ್‌ನವಳದ್ದು, ನೀನೇ ಹೇಳ್ದೆಯಲ್ಲ! ಇದು ನೆಲ್ಸನ್‌ದು. ಹಾಕೋ ನೆವಿಲ್!" ಆಮೇಲೆ ಗೇನರ್ ಕಡೆ ಬೆರಳು ತೋರಿಸಿ, "ನನಗೂ ಹೇಳ್ಲಿಲ್ವಲ್ಲೇ, ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ," ಎಂದಳು.

ನೆವಿಲ್ ತಡವರಿಸುತ್ತ ಅವಳ ಹೆಸರು ಹೇಳಿ ಸೂಜಿ ಇಳಿಸಿದ.

ನೆಲ ಖಾಲಿಯಾಯಿತು. ಐದು ನಿಮಿಷದ ಹಿಂದೆ ಇದೇ ಹಾಡಿಗೆ ಮೈಮರೆತು ಸುತ್ತಿದವರೇ ಗೋಡೆಗೆ ಸರಿದು ಕೈಕಟ್ಟಿ ನಿಂತರು. ಕೆಲವರು ನಿಯಮಕ್ಕೆ, ಕೆಲವರು ಕ್ಲಿಫರ್ಡ್‌ಗೆ, ಬಹುಪಾಲು ಜನ ಪಕ್ಕದವರಿಗೆ ಹೆದರಿ. ವಿನ್ನಿ ಹೆಜ್ಜೆ ಎತ್ತಿದ್ದಳು. ಗೇನರ್ ಕೈಸನ್ನೆಯಿಂದ ಅವಳನ್ನು ತಡೆದಳು. ಗೆಳತಿಯ ಕರುಣೆಯಿಂದ ಗೆದ್ದರೆ ಅದು ಗೆಲುವಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಒಬ್ಬಳೇ ನಡುನೆಲಕ್ಕೆ ಬಂದಳು. ತನ್ನ ದನಿಗೆ ತಾನೇ ಕುಣಿಯತೊಡಗಿದಳು. ಮೊದಲ ಸಾಲಿನಲ್ಲಿ ನಾಚಿಕೆಯಿಂದ ಕಾಲು ಕಟ್ಟಿದಂತಾಯಿತು. ಅಷ್ಟು ಕಣ್ಣುಗಳ ನಡುವೆ ಒಂಟಿ ಮುದುಕಿ, ಬೀಸುವ ಅಗಲ ಲಂಗ, ಎಡ ಮಂಡಿಯಲ್ಲಿ ನೋವು. ಓಡಿ ಹೋಗಿಬಿಡೋಣ ಎನ್ನಿಸಿತು. ಎರಡನೇ ಸಾಲಿಗೆ ಕಹಳೆ ಏರಿತು, ಆಗ ಕಾಲು ಅವಳನ್ನು ಕೇಳದೆ ಜಾರಿತು. ಹದಿನೈದರಿಂದ ಕಲಿತದ್ದೆಲ್ಲ ಬಂತು. ಸುತ್ತಿದಳು, ಹಿಂದಕ್ಕೆ ಬಾಗಿದಳು, ಎದ್ದಳು. ಯಾರಾದರೂ ನೋಡುತ್ತಿದ್ದಾರೆಯೇ ಎಂಬುದು ಅವಳ ತಲೆಯಿಂದ ಹೋಯಿತು.

ಅಷ್ಟರಲ್ಲಿ ವಾದ್ಯಗಳು ಥಟ್ಟನೆ ನಿಂತವು. ಚಪ್ಪಾಳೆ ಬಿತ್ತು.

ಒಂದಲ್ಲ, ಇಡೀ ಸಭೆಯದು. ನಾಲ್ಕೂ ಗೋಡೆಗಳಿಂದ ಒಂದೇ ಏಟಿಗೆ ಬಿದ್ದ ಚಪ್ಪಾಳೆ. ಕಟ್ಟಿದ್ದ ಕೈಗಳು ಯಜಮಾನರನ್ನು ಕೇಳದೆ ಬಿಚ್ಚಿಕೊಂಡು ಹೊಡೆದುಬಿಟ್ಟಿದ್ದವು. ಐವತ್ತು ವರ್ಷದ ಅಭ್ಯಾಸ, ಹಾಡು ಬಾಯಿ ಮುಚ್ಚಿದಲ್ಲಿ ಕೈ ಸುಮ್ಮನಿರುವುದು ಇವರ ಮೈಗೆ ಬರುವುದಿಲ್ಲ. ಹೊಡೆದವರು ತಮ್ಮ ಕೈ ತಾವೇ ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಕ್ಲಿಫರ್ಡ್ ಕಡೆ ಹೊರಳಿತು. ಅವನ ಎರಡು ಅಂಗೈಯೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

"ಹೊಡೆದ! ಕ್ಲಿಫೂ ಹೊಡೆದ!" ಎಂದು ವಿನ್ನಿ ಕಿರುಚಿದಳು.

ಸಭೆ ನಗೆಯಲ್ಲಿ ಸಿಡಿಯಿತು. ನಗುತ್ತ ನಗುತ್ತಲೇ ಒಬ್ಬ ನೆಲಕ್ಕಿಳಿದ, ಅವನ ಹೆಂಡತಿ ಇಳಿದಳು, ಆಮೇಲೆ ತಡೆಯುವವರಿರಲಿಲ್ಲ. ಗೋಡೆಗಳು ಖಾಲಿಯಾದವು, ಪೌಡರು ಮೊಣಕಾಲಿನವರೆಗೆ ಎದ್ದಿತು. ಎರಡನೇ ಚಪ್ಪಾಳೆಗೆ ಕಿಟಕಿ ಗಾಜುಗಳು ನಡುಗಿದವು. ಗೇನರ್ ಅಳುತ್ತಿದ್ದಳು, ನಗುತ್ತಿದ್ದಳು, ಹೆಜ್ಜೆ ಮಾತ್ರ ಒಂದೂ ತಪ್ಪಲಿಲ್ಲ. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಹಾಡು ಮುಗಿದಾಗ ಕ್ಲಿಫರ್ಡ್ ವೇದಿಕೆಯ ಮೇಲಿದ್ದ. ಅವನು ತಿರುಗುವ ತಟ್ಟೆಯಿಂದ ರೆಕಾರ್ಡನ್ನು ಎತ್ತಿ, ಅಂಚು ಮಾತ್ರ ಮುಟ್ಟುವಂತೆ ಎರಡು ಅಂಗೈ ನಡುವೆ ಹಿಡಿದುಕೊಂಡ.

"ಹಿಂದಿನ ಬದೀಲಿ ಏನಿದೆ?" ಎಂದು ಗೇನರನ್ನು ಕೇಳಿದ. ದನಿ ಗಡುಸಾಗಿಯೇ ಇತ್ತು.

"ಅಲ್ಲೂ ನಾನೇ ಇದೀನಿ," ಎಂದಳು ಗೇನರ್, ಏದುಸಿರು ಬಿಡುತ್ತ. "ಇದಕ್ಕಿಂತ ಜೋರಿದೆ. ನಿನ್ನ ಸೊಂಟ ತಡಿಯತ್ತಾ ನೋಡ್ಕೋ."

ಕ್ಲಿಫರ್ಡ್ ನಗಲಿಲ್ಲ. ರೆಕಾರ್ಡು ಮಗುಚಿ ಹಾಕಿ ಮೈಕು ತೆಗೆದುಕೊಂಡ. ಸತ್ತುಹೋದ ದೊಡ್ಡ ದೊಡ್ಡ ಹಾಡುಗಾರರ ಹೆಸರು ಹೇಳುವಾಗ ಮಾಡುವಂತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದ:

"ಗೇನರ್ ಬ್ರಿಗ್ಸ್. ಊರು ನೆಲ್ಸನ್. ಈ ವರ್ಷದ್ದು."

ಅವನು ಸೂಜಿ ಇಳಿಸಿದ. ನೆಲದಿಂದ ಒಬ್ಬರೂ ಕದಲಲಿಲ್ಲ.