ಬಾಗಿಲ ಮೇಲಿನ ತೆನೆ

“ಚಂಪಾ ಆಂಟಿ, ಹಿಂದೂ ಆ್ಯರೋ ಬಾಲಿಯಲ್ಲಿ ಸ್ಟಾಪ್ ಆಗ್ತದೆ. ಕುವೈತಿಗೆ ಬರುದೇ ಇಲ್ಲ. ದೆನ್ ಹೌ ಕಮ್ ಯೂ ಆರ್ ಹಿಯರ್?”

ಎದುರು ಫ್ಲ್ಯಾಟಿನ ಡೆಲ್ಮಾ ನೆಲದ ಮೇಲೆ ಚಾರ್ಟ್ ಹರಡಿ ಬೋರಲು ಮಲಗಿದ್ದಳು. ಜಗತ್ತಿನ ಧರ್ಮಗಳು ಎಲ್ಲಿ ಹುಟ್ಟಿದವು, ಎಲ್ಲೆಲ್ಲಿಗೆ ಹರಡಿದವು ಎಂದು ಬಣ್ಣದ ಬಾಣಗಳಲ್ಲಿ ತೋರಿಸುವ ರಜೆಯ ಹೋಂವರ್ಕ್. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದ ಮೇಲೆ ಶಾಲೆ ತೆರೆದಿರಲಿಲ್ಲ. ಅವಳು ಮಾತ್ರ ಚಾರ್ಟ್ ಬಿಟ್ಟಿರಲಿಲ್ಲ.

“ನಾವು ಬಾಣ ಹಿಡ್ಕೊಂಡು ಬಂದವರಲ್ಲ ಮಗಾ, ವೀಸಾ ಹಿಡ್ಕೊಂಡು ಬಂದವರು,” ಎಂದಳು ಚಂಪಾ. ಅವಳ ಕಿವಿ ಮೆಟ್ಟಿಲ ಕಡೆಗಿತ್ತು. ಗಂಡ ಯಶೋಧರ ಒಂದು ಚಪ್ಪಲಿ ಎಳೆಯುತ್ತ ಹತ್ತುವವನು. ಆ ಸದ್ದು ಕೇಳದೆ ವಾರವಾಗಿತ್ತು.

ಅವನು ಸಿಟಿಯ ಬ್ನೇದ್ ಅಲ್ ಗಾರ್‌ನ ಹೋಟೆಲೊಂದರಲ್ಲಿ ಕ್ಯಾಷಿಯರ್. ಕೆಲಸಕ್ಕೆ ಹೋದವನು ದಾರಿಯ ಚೆಕ್‌ಪೋಸ್ಟುಗಳನ್ನು ದಾಟಿ ಫಿಂಟಾಸಿನ ಈ ಮನೆಗೆ ಮರಳಲಾಗದೆ ಅಲ್ಲೇ ಉಳಿದಿದ್ದ. ನಾಳೆ ಬೆಳಿಗ್ಗೆ ಜೋರ್ಡಾನಿನ ಅಮ್ಮಾನಿಗೆ ಬಸ್ಸು, ಅಲ್ಲಿಂದ ಊರಿಗೆ ವಿಮಾನ. ಅವನು ಬಾರದಿದ್ದರೆ ಬಸ್ಸು ಹತ್ತುವುದೋ ಬಿಡುವುದೋ? ಚಂಪಾ ಒಂದನ್ನು ನಿಶ್ಚಯಿಸಿದ ಕೂಡಲೇ ಅದೇ ತಪ್ಪೆನಿಸುತ್ತಿತ್ತು. ಡೆಲ್ಮಾಳ ಅಪ್ಪ ಸೈಮನ್ ಸೀಟು ಖಚಿತಪಡಿಸಲು ಬೆಳಿಗ್ಗೆಯೇ ಸಿಟಿಗೆ ಹೋಗಿದ್ದ. ಯಶೋಧರನನ್ನೂ ಹುಡುಕಿಕೊಂಡು ಬರುತ್ತೇನೆ ಎಂದಿದ್ದ.

ಗ್ಯಾಸ್ ಉಳಿಸಲೆಂದು ಎರಡೂ ಮನೆಯ ಅಡುಗೆ ಈಗ ಚಂಪಾಳ ಒಲೆಯಲ್ಲೇ ಆಗುತ್ತಿತ್ತು. ಸೈಮನ್‌ನ ಹೆಂಡತಿ ನ್ಯಾನ್ಸಿ ಅಡುಗೆಮನೆಯಿಂದ ಬಂದು ಸೋಫಾದ ತುದಿಯಲ್ಲಿ ಕೂತಳು.

“ಇವತ್ತು ಮೊಂತಿ ಹಬ್ಬ, ಚಂಪಕ್ಕ. ಪಾಯಸ ಒಲೆ ಮೇಲುಂಟು. ಆದ್ರೆ ಮರಿಯಮ್ಮ ಹುಟ್ಟಿದ ದಿನ ಹೊಸ ಭತ್ತ ಇಲ್ಲದೆ ಎಂತ ಹಬ್ಬ? ಪ್ರತಿ ವರ್ಷ ಅತ್ತೆ ಕವರಲ್ಲಿ ಹಾಕಿ ಕಳಿಸ್ತಿದ್ರು. ಮನೆಯವರೆಲ್ಲ ಅದರ ನಾಲ್ಕು ಕಾಳು ತಿಂದ್ರೆ ಒಂದು ಧೈರ್ಯ. ನಾಳೆ ಹೊರಡ್ಲಿಕ್ಕೆ ಬೇರೆ ಉಂಟು.”

ಚಂಪಾ ಕಣ್ಣೆತ್ತಿದಳು. ಬಾಗಿಲ ಮೇಲಿನ ಮೊಳೆಯಲ್ಲಿ ಕಳೆದ ವರ್ಷದ ಭತ್ತದ ತೆನೆ ತೂಗುತ್ತಿತ್ತು. ಕಾರ್ಕಳದಿಂದ ಅಮ್ಮ ಮಾವಿನೆಲೆಯಲ್ಲಿ ಸುತ್ತಿ, ನಾರಿನಿಂದ ಕಟ್ಟಿ ಕಳಿಸಿದ್ದು. ಹೊಸ ತೆನೆ ಬರುವವರೆಗೆ ಹಳೆಯದನ್ನು ಇಳಿಸುವ ಪದ್ಧತಿ ಅವರಲ್ಲಿ ಇರಲಿಲ್ಲ. ಅದು ಅಲ್ಲಿರುವ ತನಕ ಮನೆಗೆ ಏನೂ ಆಗುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಈ ವಾರ ಅವಳೇ ನಂಬಿಕೊಂಡಿದ್ದಳು.

ನ್ಯಾನ್ಸಿಯೂ ತೆನೆಯನ್ನು ನೋಡಿದಳು. ಕೂಡಲೇ ಮುಖ ತಿರುಗಿಸಿದಳು. ಕೇಳಲಿಲ್ಲ. ಕೇಳಿದ್ದರೆ ಇಲ್ಲವೆನ್ನುವುದು ಸುಲಭವಿತ್ತು.

“ಬೆತ್ಲೆಹೆಮ್‌ನಲ್ಲಿ ರೈಸ್ ಇಲ್ಲ, ಮಮ್ಮಿ.” ಡೆಲ್ಮಾ ಕೆಂಪು ಬಾಣದ ಬುಡಕ್ಕೆ ಬೆರಳಿಟ್ಟಳು. “ಓನ್ಲಿ ವೀಟ್.”

“ಅಷ್ಟು ದೂರ ನಮ್ಮೂರಿಗೆ ಬಂದ ಮೇಲೆ ಮರಿಯಮ್ಮ ನಮ್ಮ ಅಕ್ಕಿ ಉಣ್ಣದೆ ಮತ್ತೆಂತ ಉಣ್ಣುದು? ಇಲ್ಲಿಯ ಖುಬ್ಬೂಸ್ ರೊಟ್ಟಿಯಾ?”

ಚಂಪಾ ನಕ್ಕುಬಿಟ್ಟಳು. ಆ ನಗು ಮುಗಿಯುವ ಮೊದಲೇ ಸ್ಟೂಲ್ ಎಳೆದು ಹತ್ತಿದಳು.

“ಬೇಡ ಚಂಪಕ್ಕ. ಯಶೋಧರಣ್ಣ ಬರ್ಲಿ ಮೊದ್ಲು.”

“ಹಳೇದು, ನ್ಯಾನ್ಸಿ. ನಮ್ಮ ದೇವರ ಎದುರು ಇಟ್ಟದ್ದು ಬೇರೆ. ನಿಮಗೆ ಆಗ್ತದಾ?”

“ಮರಿಯಮ್ಮ ಕೇಳಿದ್ರೆ ನಾನು ಹೇಳ್ತೇನೆ. ನೀವು ಜಾಗ್ರತೆ ಇಳೀರಿ.”

ಇಬ್ಬರೂ ಕೂತು ಉಗುರಿನಿಂದ ಕಾಳು ಸುಲಿದು, ಕುಟ್ಟಿ, ಪಾಯಸಕ್ಕೆ ಬೆರೆಸಿದರು. ನ್ಯಾನ್ಸಿ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುವಾಗ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಚಂಪಾ ಸೆರಗು ಹಿಡಿದಳು, ಮತ್ತೆ ಮುಗಿದಳು. ನ್ಯಾನ್ಸಿ ಬಟ್ಟಲುಗಳಿಗೆ ಬಡಿಸಿದಳು. ಸೈಮನ್‌ನದರ ಪಕ್ಕದಲ್ಲಿ, ಯಾರೂ ಹೇಳದೆಯೇ, ಯಶೋಧರನಿಗೂ ಒಂದಿಟ್ಟು ತಟ್ಟೆ ಮುಚ್ಚಿದಳು.

ಕಾಳಿಲ್ಲದ ತೆನೆಯ ಕಡ್ಡಿಯನ್ನು ಡೆಲ್ಮಾ ಗಮ್ ಹಚ್ಚಿ ಮಂಗಳೂರಿನಿಂದ ಕುವೈತಿನವರೆಗೆ ಸಮುದ್ರದ ಮೇಲೆ ಅಂಟಿಸುತ್ತಿದ್ದಳು. “ಇದು ಯಾವ ರಿಲಿಜನ್ ಅಂತ ಟೀಚರ್ ಕೇಳಿದ್ರೆ?”

“ಟೀಚರ್ ಕೇರಳಕ್ಕೆ ಮುಟ್ಟಿ ಆಯ್ತು. ನೀನು ಸರಿ ಅಂಟಿಸು,” ಎಂದಳು ನ್ಯಾನ್ಸಿ.

ಮೆಟ್ಟಿಲಲ್ಲಿ ಸದ್ದಾಯಿತು. ಮೊದಲಿನದು ಸೈಮನ್‌ನ ದಡದಡ ಹೆಜ್ಜೆ. ಅದರ ಹಿಂದೆ, ಸ್ವಲ್ಪ ತಡವಾಗಿ, ಒಂದು ಚಪ್ಪಲಿ ಎಳೆಯುವ ಸದ್ದು.

ಬಾಗಿಲಿಗೆ ನ್ಯಾನ್ಸಿ ಓಡಿದಳು. ಚಂಪಾ ಅಭ್ಯಾಸದಂತೆ ಮೇಲೆ ನೋಡಿದಳು, ಮೊಳೆ ಖಾಲಿಯಿತ್ತು. ಅವಳು ಬಗ್ಗಿ ಬಟ್ಟಲಿನ ಮೇಲಿನ ತಟ್ಟೆ ತೆಗೆದಳು. ಪಾಯಸ ಇನ್ನೂ ಬಿಸಿಯಿತ್ತು.