ಕಡಲಾಚೆಯ ತೀರ್ಪು, ನಮ್ಮೂರ ಕೋರ್ಟು

ಬಟ್ಟೆಗೆ ಹೂಬಳ್ಳಿ ಅಚ್ಚೊತ್ತುವ ಆ ಮನೆಯಲ್ಲಿ ಕೆಲಸವೇ ನಿಂತುಹೋಗಿತ್ತು. ಅಚ್ಚುಗಾರನ ಅಪ್ಪ ಕೆತ್ತಿಟ್ಟುಹೋದ ಮರದ ಅಚ್ಚುಗಳನ್ನು ಪ್ರದರ್ಶನಕ್ಕೆಂದು ಒಯ್ದ ಪರದೇಶದ ಕಂಪನಿ, ನಮ್ಮ ಬಂದರಿನಲ್ಲೇ ಇದ್ದ ತನ್ನ ಗೋದಾಮಿನಲ್ಲಿಟ್ಟು ಬೀಗ ಜಡಿದಿತ್ತು. ಕೇಳಿದರೆ, "ಅವು ನಮ್ಮವೇ" ಎನ್ನುತ್ತಿತ್ತು.

ಅಚ್ಚು ಒಯ್ಯುವಾಗ ಮಾಡಿಕೊಂಡ ಕರಾರಿನಲ್ಲಿ ಬರೆದಿದ್ದಂತೆ ಜಗಳ ಪರದೇಶದ ಮೂವರು ಪಂಚರ ಮುಂದೆ ಹೋಯಿತು. ಅಚ್ಚುಗಾರನ ಹೆಂಡತಿ ವಿಡಿಯೋದಲ್ಲೇ ಎಲ್ಲ ಹೇಳಿದಳು. ಕಂಪನಿಯವರೂ ವಾದಿಸಿದರು. ಅಚ್ಚುಗಳನ್ನು ಹಿಂದಿರುಗಿಸಿ ಎಂದು ತೀರ್ಪು ಬಂತು. ಕಂಪನಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಗೆದ್ದು ಏನ್ ಬಂತು?" ಅಚ್ಚುಗಾರ ಗೊಣಗಿದ. "ಎಲ್ಲೋ ಕೂತ ಮೂರು ಜನ ಹೇಳಿದ್ರೆ ಇಲ್ಲಿ ಬೀಗ ತೆಗೀತಾರಾ?"

ಪಕ್ಕದ ಮನೆಯ ವಕೀಲಮ್ಮ ನಕ್ಕರು. "ತಾವಾಗೇ ತೆಗೆಯಲ್ಲ ಅಣ್ಣ. ತೀರ್ಪು ಜಾರಿ ಮಾಡ್ಕೊಡಿ ಅಂತ ನಮ್ಮ ಕೋರ್ಟನ್ನ ಕೇಳ್ಬೇಕು. ಇಂಥ ತೀರ್ಪನ್ನ ಮನ್ನಿಸ್ತೀವಿ ಅಂತ ಎರಡೂ ದೇಶ ಒಪ್ಕೊಂಡಿವೆ."

"ಮತ್ತೆ ಮೊದಲಿಂದ ವಾದ ಮಾಡ್ಬೇಕಾ?"

"ಇಲ್ಲ. ಯಾರದು ಸರಿ ಅಂತ ಜಡ್ಜ್ ಮತ್ತೆ ಕೆದಕಲ್ಲ. ಕರಾರು ನಿಜಾನಾ, ಇಬ್ಬರಿಗೂ ನೋಟಿಸ್ ಹೋಗಿತ್ತಾ, ಮಾತಾಡೋಕೆ ಅವಕಾಶ ಸಿಕ್ಕಿತ್ತಾ, ತೀರ್ಪು ನಮ್ಮ ಕಾನೂನಿನ ಬುಡಕ್ಕೇ ಪೆಟ್ಟು ಕೊಡುತ್ತಾ, ಇಂಥವನ್ನಷ್ಟೇ ನೋಡ್ತಾರೆ. ಆದ್ರೆ ಕಂಪನಿಯವರು ಕಾಲ ತಳ್ತಾರೆ. ತಾಳ್ಮೆ ಬೇಕು."

"ಹಾಗಾದ್ರೆ ಮೊಮ್ಮಕ್ಕಳ ಕಾಲಕ್ಕಾಗುತ್ತೆ ಬಿಡಿ!"

"ನೀವು ಸುಮ್ನಿರಿ. ನಾನು ಬರ್ತೀನಿ ವಕೀಲಮ್ಮ," ಎಂದು ಹೆಂಡತಿ ಎದ್ದಳು.

ಅಚ್ಚುಗಳು ಹಡಗು ಹತ್ತದಂತೆ ವಕೀಲಮ್ಮ ಮೊದಲು ತಡೆಯಾಜ್ಞೆ ತಂದರು. ತೀರ್ಪಿನ ದೃಢೀಕೃತ ಪ್ರತಿ ಬರುವುದೇ ತಡವಾಯಿತು. ಅದರ ಅನುವಾದಕ್ಕೂ ಅಲೆದಾಟವಾಯಿತು. ಕಂಪನಿ ವಾಯಿದೆಯ ಮೇಲೆ ವಾಯಿದೆ ಕೇಳಿತು. ಕೊನೆಗೆ, "ನಮಗೆ ನೋಟಿಸೇ ಬಂದಿರಲಿಲ್ಲ" ಎಂದಿತು.

"ಹಾಗಾದ್ರೆ ಪಂಚರ ಮುಂದೆ ವಾದ ಮಾಡಿದ್ಯಾರು?" ಎಂದರು ಜಡ್ಜ್. ತೀರ್ಪು ಜಾರಿಯಾಗಲಿ ಎಂದು ಆದೇಶ ಕೊಟ್ಟರು.

ಕೋರ್ಟಿನ ಅಮೀನರು ಗೋದಾಮಿನ ಬಾಗಿಲು ತೆರೆಸಿದ ದಿನ ಅಚ್ಚುಗಾರ ಹೊಸ್ತಿಲಲ್ಲೇ ನಿಂತುಬಿಟ್ಟ. ಕಿಟಕಿಯ ಬೆಳಕಿನಲ್ಲಿ ಅಪ್ಪನ ಹೂಬಳ್ಳಿಗಳು ಸಾಲಾಗಿ ಮಲಗಿದ್ದವು. ತಾನು ಕಾಲಿಡದ ನಾಡಿನಲ್ಲಿ ಯಾರೋ ಆಡಿದ ನ್ಯಾಯದ ಮಾತು, ಕಡಲು ದಾಟಿ ಬಂದು ಈ ಬೀಗ ತೆಗೆಸಿತ್ತು. ಅವನ ಮೈ ಜುಮ್ಮೆಂದಿತು.

"ಎಷ್ಟು ದೂರದ ಮಾತು ಕಣೇ!" ಎಂದ, ಪಿಸುದನಿಯಲ್ಲಿ.

"ನಡೀರಿ, ಒಳಗೆ ಬನ್ನಿ," ಎಂದಳು ಹೆಂಡತಿ.

ಬಂಧುಗಳೇ, ಪರದೇಶದವರೊಡನೆ ಕರಾರು ಮಾಡುವಾಗ, ತಕರಾರು ಬಂದರೆ ಎಲ್ಲಿ, ಯಾರು ತೀರ್ಮಾನಿಸುತ್ತಾರೆ ಎಂಬುದನ್ನು ಓದಿಸಿ ಕೇಳಿ. ನೋಟಿಸ್ ಬಂದರೆ ಮೂಲೆಗೆಸೆಯಬೇಡಿ. ತೀರ್ಪು ನಿಮ್ಮ ಕಡೆಯಾದರೆ, ಜಾರಿಗೆ ಅರ್ಜಿ ಹಾಕುವ ಗಡುವು ಮೀರುವ ಮುನ್ನ ವಕೀಲರನ್ನು ಕಾಣಿ. ಗೆದ್ದ ಮೇಲೂ ಒಂದು ಬಾಗಿಲು ತಟ್ಟುವುದಿದೆ. ತಟ್ಟದೆ ಬಿಡಬೇಡಿ.